ಸಿಪ್ಪೆ ಇರುವ ಮೀನು

ನಮ್ಮ ಅತ್ತೆಯ ಮೂಗಿನ ತುದಿ ಸ್ವಲ್ಪ ಎಡಕ್ಕೆ ವಾಲಿತ್ತು. ಅದರಲ್ಲೊಂದು ಕೆಂಪು ಹರಳಿನ ಮೂಗುಬೊಟ್ಟು. ಅದು ಅಲುಗಿತೆಂದರೆ ಮನೆಯಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಹಾಲಿನ ತಂಬಿಗೆ, ಹಿಟ್ಟಿನ ಡಬ್ಬಿ, ತೊಳೆದಿಟ್ಟ ತಟ್ಟೆ, ನನ್ನ ಗಂಡನ ಅಂಗಿ, ಯಾವುದೂ ಆ ಮೂಗಿನ ಕೆಳಗೆ ಹಾಯದೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಮುಂದಕ್ಕೆ ಹೋಗುತ್ತಿರಲಿಲ್ಲ. "ಮಂದಿ ಸುಳ್ಳ ಹೇಳತಾರ, ಮೂಗು ಹೇಳಂಗಿಲ್ಲ" ಎನ್ನುವುದು ಅವರ ಮಾತು.

ನಾನು ರಾಮದುರ್ಗದಿಂದ ಸೊಸೆಯಾಗಿ ಬಂದು ಮಾಡಿದ ಮೊದಲ ಚಹಾ ಮೂಸಿ, "ಹಾಲು ನಿನ್ನೀದು" ಎಂದರು. ನಿನ್ನೆಯದೇ ಆಗಿತ್ತು, ಆದರೆ ಅದನ್ನು ತಂದವಳು ನಾನಲ್ಲವಲ್ಲ! ಅವತ್ತಿನಿಂದ ನಮ್ಮಿಬ್ಬರಿಗೂ ಶುರುವಾಯಿತು. ಹಾಲಿನವನು ನೀರು ಬೆರೆಸುತ್ತಾನೆ, ಕಿರಾಣಿಯವನು ಹಳೆಯ ಎಣ್ಣೆ ಕೊಡುತ್ತಾನೆ, ಸೊಸೆ ಎಲ್ಲ ಗೊತ್ತಿದ್ದೂ ಸುಮ್ಮನಿರುತ್ತಾಳೆ. ಇದು ಅವರ ಪ್ರಪಂಚ. ಮೀನಿನ ವಿಷಯವಂತೂ ಕೇಳಲೇಬೇಡಿ. ಸಂತೆಯಲ್ಲಿ ಸವದತ್ತಿ ಡ್ಯಾಮಿನ ಮೀನು ತಂದವನ ಬುಟ್ಟಿಯೊಳಗೆ ಮುಖವನ್ನೇ ಇಳಿಸಿಬಿಡುತ್ತಿದ್ದರು.

"ಯವ್ವಾ, ಮೀನಿಗೆ ಮುತ್ತು ಕೊಡಾಕತ್ತೀ ಏನ?" ಎಂದು ಅವನೊಮ್ಮೆ ಚೇಷ್ಟೆ ಮಾಡಿದ.

"ನಿನಕಿಂತ ಅದರ ಕಿವಿರು ಖರೇ ಮಾತಾಡತೈತಿ. ಸುಮ್ಮ ಕುಂದ್ರು" ಎಂದರು ಅತ್ತೆ.

ಎರಡು ವರ್ಷದ ಹಿಂದೆ ಅವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಊಟವೂ ಬಿಟ್ಟುಹೋಯಿತು. ತಟ್ಟೆ ಇಟ್ಟರೆ ಎಂದಿನಂತೆ ಮೂಗಿನ ಹತ್ತಿರ ತರುವರು, ಮೂಗುಬೊಟ್ಟು ಅಲುಗಿಸುವರು, ನನ್ನ ಮುಖ ನೋಡುವರು, ತಟ್ಟೆ ಸರಿಸುವರು.

"ಏನಾಗೇತ್ರಿ ಇದಕ್ಕ?"

"ನಿನಗ ಗೊತ್ತು."

ಬಾಳೆಹಣ್ಣು, ಬೇಯಿಸಿದ ತತ್ತಿ, ಶೇಂಗಾ, ಇಷ್ಟೇ ತಿನ್ನುತ್ತಿದ್ದುದು. ಅದೂ ತಾವೇ ಸುಲಿದುಕೊಂಡು. ಸಿಪ್ಪೆ ಎಲ್ಲಾದರೂ ಬಿರಿದಿದ್ದರೆ ಅದೂ ಬೇಡ. ನನಗೇನು ತಿಳಿಯುವುದಿಲ್ಲವೇ? ಸಿಪ್ಪೆ ಇದ್ದದ್ದರೊಳಗೆ ಸೊಸೆಯ ಕೈ ಹೋಗುವುದಿಲ್ಲ! ನನ್ನ ಮೈಯೆಲ್ಲ ಉರಿದುಹೋಯಿತು. ಬೇಕೆಂದೇ ನಾಟಕ ಮಾಡುತ್ತಿದ್ದಾರೆ ಎಂದು ನನಗೆ ಗಟ್ಟಿ ಅನುಮಾನ. ಆದರೆ ನಾಟಕದಲ್ಲಿ ಬಳೆಗಳು ಮೊಣಕೈವರೆಗೆ ಜಾರುವುದಿಲ್ಲ. ಓಣಿಯ ಹೆಂಗಸರು ಬಂದು ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿಯೂ ಬಿಟ್ಟರು.

ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, "ಜರಾ ನೋಡಕೋತ ಇರ್ರಿ ಅತ್ತಿ" ಎಂದು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಸೀದ ವಾಸನೆ ಹಿತ್ತಲಿಗೇ ಬಂತು. ಓಡಿಬಂದು ನೋಡಿದರೆ ಪಾತ್ರೆ ಕರ್ರಗಾಗಿದೆ. ಅತ್ತೆ ಒಲೆಗೆ ಬೆನ್ನು ಹಾಕಿ ಕುಳಿತು ಶೇಂಗಾ ಸುಲಿಯುತ್ತಿದ್ದಾರೆ.

"ವಾಸನಿ ಬರಲಿಲ್ಲೇನ್ರಿ?"

"ಬಂತು. ನೀ ಬರತೀ ಇಲ್ಲೋ ನೋಡೂಣು ಅಂತ ಕುಂತೆ."

ಸುಳ್ಳು! ಇಂಗಿನ ಡಬ್ಬಿ ತಂದೆ. "ಕಣ್ಣ ಮುಚ್ಚರಿ" ಎಂದು ಮೂಗಿಗೆ ಹಿಡಿದೆ. ಮೂಗುಬೊಟ್ಟು ಅಲುಗಿತು, ಮತ್ತೆ ಅಲುಗಿತು. ಕೊನೆಗೆ, "ಏಲಕ್ಕಿ" ಎಂದರು. ಕಣ್ಣು ತೆರೆದು ಡಬ್ಬಿ ನೋಡಿದರು. "ಯಾರ ಮುಂದೂ ಹೇಳಬ್ಯಾಡ. ಗೊತ್ತಾತಂದ್ರ ಏನ ಬೇಕಾದ್ದ ಹಾಕತಾರ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಜ್ವರ ಅವರ ಮೂಗನ್ನು ಒಯ್ದಿತ್ತು. ಪರೀಕ್ಷೆ ಮಾಡದ ಅನ್ನ ನುಂಗಲು ಆ ಜೀವಕ್ಕೆ ಧೈರ್ಯವಿರಲಿಲ್ಲ.

ಎಣ್ಣೆ ಕಡಿಮೆ ಮಾಡಿ ಎಂದು ಯಾರೋ ಹೇಳಿದ್ದಕ್ಕೆ ನನ್ನ ಗಂಡ ಆಗಲೇ ಬೆಳಗಾವಿಯಿಂದ ಒಂದು ಏರ್ ಫ್ರೈಯರ್ ತಂದಿಟ್ಟಿದ್ದರು, ಮುಂದೆ ಗಾಜಿನ ಕಿಟಕಿ ಇದ್ದದ್ದು. "ಎಣ್ಣಿ ಇಲ್ಲದ ಕರೀತೈತಿ ಅಂದ್ರ ಎಲ್ಲೋ ಮೋಸ ಐತಿ" ಎಂದು ಅತ್ತೆ ಅದನ್ನು ಬೋರಲು ಹಾಕಿ, ಎಣ್ಣೆ ಎಲ್ಲಿ ಬಚ್ಚಿಟ್ಟಿದ್ದಾರೆಂದು ಹುಡುಕಿದ್ದರು. ಒಂದು ಭಾನುವಾರ ಗಂಡ ಫೋನಿನಲ್ಲಿ ಯಾವಳೋ ಅಡುಗೆ ಮಾಡುವುದನ್ನು ನೋಡಿ, ಪಬ್ಬಿನಲ್ಲಿ ಕೊಡುವಂಥ ಫಿಶ್ ಆಂಡ್ ಚಿಪ್ಸ್, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಮತ್ತು ಬಟಾಟೆ, ಮಾಡು ಎಂದರು.

"ಪಬ್ ಅಂದ್ರ?" ಅತ್ತೆಯ ಕಿವಿ ನೆಟ್ಟಗಾಯಿತು.

"ಕುಡಿಯೂ ಜಾಗಾ, ಅವ್ವಾ."

"ಹಂಗಾರ ಆ ಹಿಟ್ಟಿನ್ಯಾಗ ಏನ ಸುರುವತಾಳ ಈಕಿ?"

ಫೋನಿನವಳು ಹಿಟ್ಟಿಗೆ ಬಿಯರ್ ಸುರಿದಿದ್ದಳು, ನಿಜ. ನಾನು ಹಾಕಿದ್ದು ಬರೀ ಸೋಡಾ. ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆ ನೀರುಹಿಟ್ಟು ಫ್ರೈಯರಿನ ಬುಟ್ಟಿಯ ತೂತುಗಳಿಂದ ಪೂರಾ ಕೆಳಗೆ ಸೋರಿ, ಮೀನು ಬೆತ್ತಲೆಯಾಗಿ ಹೊರಬಂತು. ಅತ್ತೆಗೆ ಎಷ್ಟೋ ದಿನದ ಮೇಲೆ ನಗು ಬಂತು. ನನಗೆ ಹಟ ಬಂತು.

ಮುಂದಿನ ಸಲ ಮೀನಿನ ಮುಳ್ಳು ತೆಗೆದು, ಬಟ್ಟೆಯಿಂದ ಒತ್ತಿ ನೀರು ಆರಿಸಿ, ಉಪ್ಪು, ಖಾರ, ಲಿಂಬೆರಸ ಹಚ್ಚಿದೆ. ಒಣಹಿಟ್ಟಿನಲ್ಲಿ ಹೊರಳಿಸಿ, ಒಡೆದ ತತ್ತಿಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಗೆ ಸಣ್ಣ ರವೆ ಬೆರೆಸಿ ದಪ್ಪಗೆ ಒತ್ತಿದೆ. ಮೇಲೆ ಎಣ್ಣೆ ಸವರಿದ್ದಷ್ಟೇ. ಬಟಾಟೆಯನ್ನು ಬೆರಳಿನ ಗಾತ್ರಕ್ಕೆ ಕೊಯ್ದು, ನೀರಲ್ಲಿ ನೆನೆಸಿ, ಒರೆಸಿ ಮೊದಲೇ ಬೇಯಿಸಿಟ್ಟಿದ್ದೆ. ಅತ್ತೆ ಮಣೆ ಎಳೆದುಕೊಂಡು ಬಂದು ಗಾಜಿನ ಮುಂದೆ ಫೌಜುದಾರರ ಹಾಗೆ ಕುಳಿತರು. ಬಿಳಿ ರವೆ ಹಳದಿಯಾಗಿ, ಹಳದಿ ಕೆಂಪಾಗುವವರೆಗೆ ಕಣ್ಣು ಕೀಳಲಿಲ್ಲ.

ಹೊರತೆಗೆದ ತುಂಡನ್ನು ಉಗುರಿನಿಂದ ಬಡಿದರು. ಟಕ್ ಎಂದಿತು. ಕಿವಿಯ ಹತ್ತಿರ ತಂದು ಮತ್ತೆ ಬಡಿದರು. ತಿರುಗಿಸಿ ಎಲ್ಲಾದರೂ ಬಿರಿದಿದೆಯೇ ನೋಡಿದರು. ಆಮೇಲೆ ಮುರಿದರು. ಕರುಂ ಎಂದಿತು, ಒಳಗಿನಿಂದ ಬೆಳ್ಳಗೆ ಹಬೆ ಎದ್ದಿತು.

"ಏ ಹುಡುಗೀ, ಇದಕ್ಕೂ ಸಿಪ್ಪಿ ಐತಲ್ಲ!"

"ನಿಮ್ಮ ಕಣ್ಣ ಮುಂದನ ಬಂದೈತ್ರಿ. ನಡುವ ನಾ ಕೈ ಹಾಕಿಲ್ಲ."

ತಿಂದರು. ಇನ್ನೊಂದು ತುಂಡು ತಾವೇ ತೆಗೆದುಕೊಂಡರು. ಬಟಾಟೆಯನ್ನೂ ಒಂದೊಂದಾಗಿ ಕಿವಿಯ ಹತ್ತಿರ ಮುರಿದು ತಿಂದರು. "ರುಚಿ ಏನೂ ಹತ್ತವಲ್ದು. ಆದ್ರ ಸಪ್ಪಳ ಖರೇ ಐತಿ" ಎಂದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ ಅತ್ತುಬಿಟ್ಟೆ.

ಆಮೇಲೆ ನಮ್ಮ ಮನೆಯಲ್ಲಿ ಕಟಕ್ ಎನ್ನದ ಅಡುಗೆಯೇ ಇರಲಿಲ್ಲ ಅನ್ನಿ. ಬದನೆಕಾಯಿಗೂ ಸಿಪ್ಪೆ ಕಟ್ಟಿದೆ, ಹೆಸರುಬೇಳೆಗೂ ಕಟ್ಟಿದೆ, ಅನ್ನವನ್ನೂ ಬಿಡಲಿಲ್ಲ. ಬಳೆಗಳು ಮತ್ತೆ ಮಣಿಕಟ್ಟಿನ ಹತ್ತಿರ ನಿಂತವು. ಅನುಮಾನ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ನನ್ನ ಕಣ್ಣೆದುರೇ ಹಪ್ಪಳವನ್ನೂ ಬಡಿದು ನೋಡುತ್ತಿದ್ದರು.

ಈ ಸಲದ ಚಳಿಗೆ ಹಾಸಿಗೆ ಹಿಡಿದರು. ಅಗಿಯುವ ಶಕ್ತಿ ಹೋಯಿತು. ಇನ್ನು ಗಂಜಿಯೊಂದೇ ದಾರಿ, ಅದಕ್ಕೆ ಎಲ್ಲಿಯ ಸಿಪ್ಪೆ ತರಲಿ? ಬಟ್ಟಲು ಹಿಡಿದು ಹೆದರುತ್ತಲೇ ಹತ್ತಿರ ಕುಳಿತೆ. ಅತ್ತೆ ಗಂಜಿ ನೋಡಿದರು, ನನ್ನನ್ನು ನೋಡಿದರು.

"ನೀ ಮೂಸಿ ನೋಡೀ ಏನ?"

ಅವರ ಎದುರಿನಲ್ಲೇ ಬಟ್ಟಲಿಗೆ ಮುಖ ಇಳಿಸಿ, ಅವರ ಹಾಗೆಯೇ ಉಸಿರೆಳೆದು ಮೂಸಿದೆ. "ಚಲೋ ಐತ್ರಿ, ಅತ್ತಿ."

"ಹಂಗಾರ ಕೊಡು."

ಪೂರ್ತಿ ಕುಡಿದರು. ಮರುದಿನ ಬೆಳಿಗ್ಗೆ ಏಳಲಿಲ್ಲ.

ಈಗ ನಾನು ಮೂಸದೆ ಏನನ್ನೂ ಒಲೆಗೆ ಏರಿಸುವುದಿಲ್ಲ, ಕರಿದ ಮೀನನ್ನು ಬಡಿಯದೆ ಬಡಿಸುವುದಿಲ್ಲ. ಗಂಡ ನಗುತ್ತಾರೆ, ನಗಲಿ. ಮೊನ್ನೆ ಬಾಗಿಲಲ್ಲಿ ಹಾಲಿನವನ ಕ್ಯಾನಿಗೆ ಮೂಗು ಇಟ್ಟು, "ಹಾಲು ನಿನ್ನೀದು" ಎಂದೆ. ಅವನು ಬೆಚ್ಚಿಬಿದ್ದು, ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ನೋಡಿದ. ನಾನೂ ತಿರುಗಿ ನೋಡಿದೆ.