ಗಾಡಿ ಶೆಡ್ಡಿನಲ್ಲಿದ್ದ ವಾರ

ನಮ್ಮ ಗಾಡಿ ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು. ಅದರಲ್ಲಿ ಕಡೆಯ ಮೂರು ವರ್ಷದ ಓಟವೆಲ್ಲ ಒಂದೇ ದಾರಿಯದು. ಕಂಪಲಾಪುರದಿಂದ ಹುಣಸೂರಿನ ಮೇಲೆ ಮೈಸೂರು, ಅಲ್ಲಿಂದ ವಾಪಸ್ಸು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಗುರುವಾರದ ಡಯಾಲಿಸಿಸ್ ತಪ್ಪಿಸುವಂತಿರಲಿಲ್ಲ. ಭಾವ ತೀರಿಕೊಂಡಾಗಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ನಾನು ಹೈಸ್ಕೂಲ್ ಮೇಷ್ಟ್ರ ಕೆಲಸದಿಂದ ಆಗಷ್ಟೇ ನಿವೃತ್ತನಾಗಿದ್ದೆ. ಹಿಂದಿನ ಸೀಟಿನಲ್ಲಿ ಅವಳು ಕಾಲು ಚಾಚಿ ಮಲಗಲಿ ಎಂದೇ ಕೊಡಗಿನ ತೋಟದವರೊಬ್ಬರು ಓಡಿಸಿದ್ದ ಆ ದೊಡ್ಡ ಡೀಸೆಲ್ ಗಾಡಿಯನ್ನು ಕೊಂಡಿದ್ದೆ.

ಸರ್ವೀಸಿಗೆ ಬಿಡಬೇಕು ಎಂದು ಪ್ರತಿ ವಾರವೂ ಅಂದುಕೊಳ್ಳುತ್ತಿದ್ದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತು ಬಂದ ಮಾರನೆಯ ದಿನ ಮೈ ಏಳುತ್ತಿರಲಿಲ್ಲ. ಅದರ ಮಾರನೆಯ ದಿನ ಹೊಲ, ರೇಷನ್ನು. ಅಷ್ಟರಲ್ಲಿ ಗುರುವಾರ ಬಂದಿರುತ್ತಿತ್ತು. ರೇಡಿಯೇಟರ್ ಬಿಸಿಯಾದರೆ ಬೋರ್‌ವೆಲ್ ನೀರು ಹುಯ್ಯುತ್ತಿದ್ದೆ. ಬ್ರೇಕ್ ಒತ್ತಿದಾಗ ಕಿರ್ರೆಂದರೆ ಕಿಟಕಿಯ ಗಾಜು ಏರಿಸಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಮಧ್ಯಾಹ್ನ ಹುಣಸೂರು ದಾಟಿ ಬರುತ್ತಿದ್ದೆವು. ಶುಂಠಿ ತುಂಬಿದ ಟ್ರಾಕ್ಟರೊಂದು ಹೊಲದ ದಾರಿಯಿಂದ ರಸ್ತೆಗೆ ಹತ್ತಿತು. ಬ್ರೇಕ್ ಒತ್ತಿದೆ. ಪೆಡಲ್ ಸೀದಾ ಕೆಳಗಿಳಿಯಿತು. ಮತ್ತೆ ಮತ್ತೆ ಒತ್ತಿದರೂ ಹಿಡಿಯಲಿಲ್ಲ. ಗೇರು ಇಳಿಸುತ್ತಾ, ಹ್ಯಾಂಡ್ ಬ್ರೇಕ್ ಎಳೆಯುತ್ತಾ ಗಾಡಿಯನ್ನು ರಸ್ತೆಯಿಂದ ಕೆಳಕ್ಕೆ ತಿರುಗಿಸಿದೆ. ಚರಂಡಿಗೆಂದು ಅಗೆದು ಹಾಕಿದ್ದ ಮಣ್ಣಿನ ಗುಡ್ಡೆಗೆ ಮೂತಿ ತಗುಲಿ ನಿಂತಿತು.

ಹಿಂದೆ ತಿರುಗಿದರೆ ಅಕ್ಕ ಸೀಟಿನಿಂದ ಕೆಳಕ್ಕೆ ಜಾರಿದ್ದಳು. ಸೂಜಿ ಚುಚ್ಚಿದ್ದ ತೋಳಿನ ಹತ್ತಿಯಲ್ಲಿ ಕೆಂಪು ಹರಡುತ್ತಿತ್ತು. ಅವಳೇ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು.

“ಏನೂ ಆಗಿಲ್ಲ ಕಣೋ. ನೀನು ಮೊದ್ಲು ಉಸ್ರಾಡು” ಎಂದಳು.

“ಕಣ್ ಕಾಣಾಕಿಲ್ವೇನ್ರೀ?” ಎಂದು ಕೂಗುತ್ತಾ ಬಂದ ಟ್ರಾಕ್ಟರಿನವನು ಅವಳ ತೋಳು ನೋಡಿ ಹಿಂದಿನ ಬಾಗಿಲು ತೆಗೆದ. ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ ಅವಳ ಕೈಗಿಟ್ಟ. ರಕ್ತ ನಿಲ್ಲುವವರೆಗೂ ಅಲ್ಲೇ ಇದ್ದು, ಆಟೋ ಒಂದನ್ನು ನಿಲ್ಲಿಸಿ ನಮ್ಮನ್ನು ಹತ್ತಿಸಿದ.

ಅಕ್ಕನನ್ನು ಮನೆಗೆ ಬಿಟ್ಟು, ಗಾಡಿಯನ್ನು ಹುಣಸೂರಿನ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನ ವಯಸ್ಸಿನವರೇ. ಬಾನೆಟ್ ಎತ್ತಿ, “ಆಯಿಲ್ ಯಾವಾಗ ಬದ್ಲಾಯಿಸಿದ್ರಿ ಮೇಷ್ಟ್ರೇ?” ಎಂದರು.

“ಹೋದ ವರ್ಷ ಇರಬೇಕು.”

ಅವರು ಒಳಗೆ ಕಟ್ಟಿದ್ದ ಹಳೆಯ ಸರ್ವೀಸ್ ಚೀಟಿಯ ಧೂಳು ಒರೆಸಿ ನನ್ನ ಕಡೆ ತಿರುಗಿಸಿದರು. ಎರಡು ವರ್ಷದ ಮೇಲಾಗಿತ್ತು. ಎಷ್ಟೋ ಮಕ್ಕಳನ್ನು ಹೋಂವರ್ಕ್ ಮಾಡಿಲ್ಲವೆಂದು ನಿಲ್ಲಿಸಿದವನು ನಾನು. ಅವತ್ತು ನೆಲ ನೋಡುತ್ತಾ ನಿಂತೆ. ಬ್ರೇಕ್ ಪ್ಯಾಡ್ ಸವೆದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಬ್ರೇಕಿನ ಪೈಪು ಸೋರಿ ಬ್ರೇಕ್ ಆಯಿಲೇ ಉಳಿದಿರಲಿಲ್ಲ. ರೇಡಿಯೇಟರಿನಿಂದ ತುಕ್ಕಿನ ನೀರು ಬಂತು. ಏರ್ ಫಿಲ್ಟರಿನಲ್ಲಿ ಇಲಿ ಹುಲ್ಲು ತುಂಬಿತ್ತು.

“ಮನೇವ್ರ ಕೂರುಸ್ಕಂಡು ಇದ್ರಲ್ಲಾ ಹೋಯ್ತಿದ್ರಿ?” ಎಂದಷ್ಟೇ ಕೇಳಿ, “ಶನಿವಾರ ಬನ್ನಿ” ಎಂದರು.

ಗುರುವಾರಕ್ಕೆ ಬಾಡಿಗೆ ಕಾರು ಹೇಳುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. ಬಸ್ಸಿನಲ್ಲಿ ಹೊರಟೆವು. ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಗಾವಡಗೆರೆಗೆ ಹೋಗುವ ಹೆಂಗಸೊಬ್ಬಳು ಹುಣಸೂರಿನಲ್ಲಿ ಇಳಿಯುವವರೆಗೂ ಅಕ್ಕನೊಂದಿಗೆ ಅವರೆಕಾಯಿಯ ವಿಷಯ ಮಾತಾಡಿದಳು. ಆಕೆ ಇಳಿದ ಮೇಲೆ ಅಕ್ಕ, “ಮೂರು ವರ್ಷದಿಂದ ದಾರೀಲಿ ನೀನು ನಂಜೊತೆ ಮಾತೇ ಆಡಿಲ್ಲ, ಗೊತ್ತಾ?” ಎಂದಳು.

“ರೋಡ್ ನೋಡ್ಬೇಕಲ್ಲಕ್ಕ.”

“ನಿಂಗೆ ಸಿಟ್ಟು ಅನ್ಕಂಡಿದ್ದೆ. ದಿನಾ ಇವಳದೊಂದು ಗೋಳು ಅಂತ.”

ಸಿಟ್ಟಲ್ಲ, ಸುಸ್ತು ಎಂದೆ. ಅದನ್ನು ಯಾರೆದುರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಇನ್ನಷ್ಟು ಸುಸ್ತಾದಂತಾಯಿತು. “ನಂಗೂ ಅಷ್ಟೇ ಬುಡು” ಎಂದಳು. ಬಿಳಿಕೆರೆ ದಾಟುವ ಹೊತ್ತಿಗೆ ಇಬ್ಬರಿಗೂ ನಿದ್ದೆ ಹತ್ತಿತ್ತು.

ಶನಿವಾರ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಒಂದು ಸುತ್ತು ಓಡಿಸಿ ನೋಡಿ ಎಂದರು. ಎಂದಿನಂತೆ ಪೆಡಲ್ ಜೋರಾಗಿ ತುಳಿದೆ. ಗಾಡಿ ಗಕ್ಕನೆ ನಿಂತು ಎದೆಗೆ ಬೆಲ್ಟು ಬಿಗಿಯಿತು. “ಅಷ್ಟು ತುಳೀಬೇಡಿ, ಈಗ ಹಿಡೀತದೆ” ಎಂದರು. ಮತ್ತೆರಡು ಸಲ ಮೆಲ್ಲಗೆ ಒತ್ತಿ ನೋಡಿ, ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದೆ. ಟೈಮಿಂಗ್ ಚೈನು, ಹಿಂದಿನ ಸಸ್ಪೆನ್ಷನ್ನು ಇನ್ನೂ ಬಾಕಿ ಇದ್ದವು. ಒಂದೊಂದಾಗಿ ಮಾಡೋಣ, ಆದರೆ ತಪ್ಪದೆ ತನ್ನಿ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಅದನ್ನು ಹೇಳಿದಾಗ ಅಕ್ಕನೇ ತೀರ್ಮಾನ ಮಾಡಿದಳು: “ತಿಂಗ್ಳಿಗೊಂದು ಗುರುವಾರ ಅದು ಶೆಡ್ಡಿಗೆ ಹೋಗ್ಲಿ. ನಾವು ಬಸ್ಸಲ್ಲಿ ಹೋಗಾನ.” ಈಗ ಹಾಗೇ ನಡೆಯುತ್ತಿದೆ. ಆ ಗುರುವಾರ ಅವಳು ಕಿಟಕಿಯ ಪಕ್ಕ ಕೂರುತ್ತಾಳೆ.