ಅಜ್ಜಿ ಬದಲಿಸಿದ ಅಂಕಿ

ಹಿಂದೂಪುರದ ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆರಿಗೆಯಾದ ಮೂರನೆಯ ದಿನ ನರ್ಸ್ ಬಂದು ಮಗುವಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದವೊಂದರ ಮೇಲೆ ನಾಲ್ಕು ಹನಿ ರಕ್ತ ಇಳಿಸಿಕೊಂಡಳು. ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳು ಮೊದಮೊದಲು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಈ ಪರೀಕ್ಷೆ ಎಂದು ಹೇಳಿ ಫೋನ್ ನಂಬರ್ ಕೇಳಿದಳು. ಅಜ್ಜಿ ತನ್ನ ನಂಬರನ್ನೇ ಕೊಟ್ಟಳು, ಕೊನೆಯ ಅಂಕಿಯನ್ನು ಮಾತ್ರ ಬದಲಿಸಿ.

"ಯಾಕಜ್ಜಿ?" ಎಂದೆ ಮೆಲ್ಲಗೆ.

"ಕೂಸಿರೋ ಮನೆ ನಂಬರ್ ಊರಿಗೆಲ್ಲ ಕೊಟ್ರೆ ದೃಷ್ಟಿ ತಾಕ್ತದೆ ಕಣಮ್ಮ. ಸುಮ್ನಿರು."

ಬಿ.ಎಸ್ಸಿ. ಓದಿದ ನಾನು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ತಿದ್ದಲಿಲ್ಲ.

ಬಾಣಂತಿಯನ್ನೂ ಮಗುವನ್ನೂ ಕಲ್ಯಾಣದುರ್ಗದ ನಮ್ಮ ಮನೆಗೆ ಕರೆತಂದೆವು. ಮಗು ಅಳುತ್ತಲೇ ಇರಲಿಲ್ಲ. ಹಾಲಿಗೂ ಎಬ್ಬಿಸಬೇಕಿತ್ತು. "ಯಜಮಾನ್ರಂಗೆ ಮಲಗವ್ನೆ ನೋಡು!" ಎಂದು ಅಜ್ಜಿ ದಿನಕ್ಕೆ ಮೂರು ಸಲ ದೃಷ್ಟಿ ತೆಗೆಯುತ್ತಿದ್ದಳು. ಮೆಣಸಿನಕಾಯಿ ಎತ್ತಿಕೊಡುತ್ತಿದ್ದವಳು ನಾನೇ.

ಹನ್ನೆರಡನೆಯ ದಿನ ಬೆಳಿಗ್ಗೆ ಅಜ್ಜಿಯ ಫೋನ್ ಹೊಡೆದುಕೊಂಡಿತು. ಸ್ಪೀಕರ್ ಹಾಕದೆ ಅವಳು ಮಾತಾಡಿದವಳಲ್ಲ.

"ಅಮ್ಮಾ, ನಿಮ್ಮನೇಲಿ ಎಳೆ ಕೂಸು ಐತಾ?" ಗಂಡಸಿನ ದನಿ.

"ಲೇದಪ್ಪಾ! ಕೂಸೂ ಇಲ್ಲ, ಗೀಸೂ ಇಲ್ಲ. ನೀನ್ಯಾರ್ಲಾ?"

"ಕೊಡಿಕೊಂಡ ಚೆಕ್‌ಪೋಸ್ಟ್ ತಾವ ಢಾಬಾ ನಂದು. ಹಿಂದೂಪುರದ ನರ್ಸಮ್ಮ ನಿನ್ನೆಯಿಂದ ನನ್ನ ಬೈತಾವ್ಳೆ, ನಿನ್ನ ಮಗೂಗೆ ಥೈರಾಯ್ಡ್ ಕಮ್ಮಿ, ಬೇಗ ಕರ್ಕೊಂಡು ಬಾ ಅಂತ. ನಂಗೆ ಮದುವೇನೇ ಆಗಿಲ್ಲ ಕಣಮ್ಮ! ನಮ್ಮವ್ವನೂ ದೃಷ್ಟಿಗೆ ಹೆದರಿ ಹಿಂಗೇ ಕಡೇ ನಂಬರ್ ತಪ್ಪು ಹೇಳ್ತಾಳೆ. ಅದಕ್ಕೇ ಒಂದೊಂದೇ ಬದಲಾಯ್ಸಿ ಹೊಡೀತಾ ಇವ್ನಿ. ನಿಮ್ದು ಆರನೇದು."

"ಅದು ಬೇರೆ ಯಾರ್ದೋ ಇರ್ಬೇಕು. ನಮ್ಮ ಕೂಸು ಬಂಗಾರ, ಅಳೋದೇ ಇಲ್ಲ!"

"ಕೂಸೇ ಇಲ್ಲ ಅಂದ್ಯಲ್ಲಮ್ಮಾ?"

ಅಜ್ಜಿ ಟಪ್ಪನೆ ಫೋನ್ ಕಟ್ ಮಾಡಿದಳು. ನಾನು ಅದನ್ನು ಕಿತ್ತುಕೊಂಡು ಅವನಿಗೇ ತಿರುಗಿ ಹೊಡೆದು, ನರ್ಸ್ ನಂಬರ್ ಬರೆದುಕೊಂಡೆ. ಒಂದಂಕಿಯೂ ತಪ್ಪಬಾರದೆಂದು ಅವನಿಗೇ ತಿರುಗಿ ಓದಿ ಹೇಳಿದೆ.

ಅವತ್ತೇ ಕಾರು ಮಾಡಿಕೊಂಡು ಹಿಂದೂಪುರಕ್ಕೆ ಓಡಿದೆವು. ಇನ್ನೊಮ್ಮೆ ರಕ್ತ ತೆಗೆದು ನೋಡಿ ಮಾತ್ರೆ ಶುರು ಮಾಡಿದರು. ಮಗು ಅಳದೆ ಮಲಗೇ ಇರುತ್ತಿದ್ದುದೂ ಇದರಿಂದಲೇ, ಹೀಗೇ ಬಿಟ್ಟಿದ್ದರೆ ಬುದ್ಧಿ ಬೆಳೆಯುತ್ತಿರಲಿಲ್ಲ ಎಂದರು ಡಾಕ್ಟರು. ಅಜ್ಜಿ ಅಲ್ಲೇ ಕೈಮುಗಿದು, ಢಾಬಾದವನಿಗೆ ಹೆಣ್ಣು ಹುಡುಕಿಕೊಡುವುದಾಗಿ ಹರಕೆ ಹೊತ್ತಳು.

ಹುಡುಗನಿಗೆ ಈಗ ಎರಡು ವರ್ಷ. ದಿನಾ ಮಾತ್ರೆ ನುಂಗಿ, ಮನೆಯವರನ್ನೆಲ್ಲ ಓಡಾಡಿಸುತ್ತಾನೆ. ನಾನು ಮಾತ್ರ ಸ್ನಾನಕ್ಕೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತುಬಿಡುತ್ತೇನೆ. ಫೋನ್ ಬಂದ ಆ ಬೆಳಿಗ್ಗೆ ಟವೆಲ್ ಸಿಗದೆ ಎರಡು ನಿಮಿಷ ಹುಡುಕಾಡುತ್ತಿದ್ದೆ. ಸಿಕ್ಕಿದ್ದರೆ ಬಚ್ಚಲಲ್ಲಿರುತ್ತಿದ್ದೆ, ಆ ಕರೆ ನನ್ನ ಕಿವಿಗೇ ಬೀಳುತ್ತಿರಲಿಲ್ಲ.