ಒಂಬತ್ತು ಮನೆಗಳ ಕಾಫಿ

ಮದ್ದೂರು ಕಡೆಯ ಕೊಪ್ಪದ ಸುತ್ತಿನ ಐದು ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸ ನನ್ನದು. ಮೊಪೆಡ್ಡಿಗೆ ಚೀಲ ಕಟ್ಟಿಕೊಂಡು ಹತ್ತೂವರೆಗೆ ಹೊರಟರೆ ಮುಗಿಯುವಾಗ ಮೂರು ಗಂಟೆ. ಗಂಡ ಇನ್ನೊಂದು ಮನೆ ಮಾಡಿಕೊಂಡು ಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹಾಗಾಗಿ ಒಂದು ದಿನಕ್ಕೆ ಬೇಕಾದ ಮಾತೆಲ್ಲ ನನಗೆ ದಾರಿಯಲ್ಲೇ ಸಿಗಬೇಕು. ಸಿಗುತ್ತಲೂ ಇತ್ತು. ಕಾಗದ ಕೊಟ್ಟ ಕಡೆಯೆಲ್ಲ "ಕೂತ್ಕೊ ಪೋಸ್ಟಮ್ಮ, ಕಾಪಿ ಕುಡ್ಕೊಂಡು ಓಗು" ಅನ್ನುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ಆ ಮನೆಯ ಹಸು ಕರು ಹಾಕಿದ್ದು, ಸೊಸೆ ಮುನಿಸಿಕೊಂಡು ತವರಿಗೆ ಹೋದದ್ದು ಎಲ್ಲ ಗೊತ್ತಾಗುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅಕ್ಷರಗಳು ಕಲಸಿಕೊಳ್ಳತೊಡಗಿದವು. ಕನ್ನಡಕ ಹಳತಾಯಿತೇನೋ ಅಂದುಕೊಂಡೆ. ಒಂದು ದಿನ ಅಣ್ಣನ ಹೆಸರಿಗೆ ಬಂದ ರಿಜಿಸ್ಟರ್ ಕಾಗದವನ್ನು ತಮ್ಮನ ಕೈಗೆ ಕೊಟ್ಟು ಬಂದೆ. ಗದ್ದೆಯ ವಿಚಾರದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅವರು. ಇಬ್ಬರೂ ನನ್ನ ಮೇಲೆ ಕೂಗಾಡಿದರು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ಮದ್ದೂರಿನಲ್ಲಿ ಕಣ್ಣು ತೋರಿಸಲು ಹೋದರೆ ರಕ್ತ ತೆಗೆದು ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ.

"ದಿನಕ್ಕೆ ಎಷ್ಟು ಕಾಫಿ ಕುಡೀತೀರಾ?" ಅಂದರು ಡಾಕ್ಟರಮ್ಮ. ನನಗಿಂತ ತುಂಬಾ ಚಿಕ್ಕವರು.

ಮನೆಗಳನ್ನು ಬೆರಳಲ್ಲಿ ಲೆಕ್ಕ ಹಾಕಿದೆ. "ಒಂಬತ್ತು."

"ಸಕ್ಕರೆ?"

"ನಮ್ ಕಡೆ ಸಕ್ರೆ ಕಮ್ಮಿ ಆಕುದ್ರೆ ಮರ್ಯಾದೆ ಕಮ್ಮಿ ಮಾಡ್ದಂಗೆ ಡಾಕ್ಟ್ರೆ."

ಅವರು ನಗಲಿಲ್ಲ. ಮುದ್ದೆ ಅರ್ಧ ಮಾಡಿ, ಅನ್ನ ಒಂದು ಹಿಡಿ ಸಾಕು, ಸೊಪ್ಪು ಕಾಳು ಜಾಸ್ತಿ ತಿನ್ನಿ, ಊಟದ ಹೊತ್ತು ತಪ್ಪಿಸಬೇಡಿ, ದಿನಾ ಮಾತ್ರೆ ತಗೊಳ್ಳಿ, ಸಂಜೆ ಅರ್ಧ ಗಂಟೆ ನಡೀರಿ ಅಂತ ಬರೆದುಕೊಟ್ಟರು. "ಮನೇಲಿ ಯಾರಿಗಾದ್ರೂ ಹೇಳಿ, ನೆನಪು ಮಾಡ್ತಾರೆ" ಅಂದರು. ಆಗಲಿ ಅಂದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ಏನನ್ನುತ್ತಾರೆ ಎಂದು ಗೊತ್ತಿತ್ತು. "ಪಾಪ, ಒಬ್ಳೇ ಬೇರೆ." ಕಾಯಿಲೆಗಿಂತ ಆ ಮಾತಿಗೆ ನಾನು ಹೆದರಿದೆ. ಅದಕ್ಕೇ ಎಲ್ಲ ಮನೆಯಲ್ಲೂ ಒಂದೇ ಸುಳ್ಳು ಹೇಳತೊಡಗಿದೆ. "ಈಗ್ ತಾನೇ ಕುಡ್ದೆ ಕಣಕ್ಕ."

ಮೊದಮೊದಲು ಒತ್ತಾಯ ಮಾಡಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಕಾಫಿ ಇಲ್ಲವೆಂದ ಮೇಲೆ ಕೂರುವುದಕ್ಕೂ ಕಾರಣವಿಲ್ಲ. ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೊರಡುತ್ತಿದ್ದೆ. ಮೂರಕ್ಕೆ ಮುಗಿಯುತ್ತಿದ್ದ ಕೆಲಸ ಒಂದೂವರೆಗೇ ಮುಗಿಯತೊಡಗಿತು. ನಾಲೆಯ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಅರ್ಧ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ, ನಾಲ್ಕು ಹೋಳು ಸೌತೆಕಾಯಿ. ಊಟವೇನೋ ರುಚಿಯಾಗಿಯೇ ಇರುತ್ತಿತ್ತು. ರುಚಿಯಾಗಿದೆ ಅಂತ ಹೇಳುವುದಕ್ಕೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಹಾದುಹೋದರೆ ಧೂಳು ಬೀಳದ ಹಾಗೆ ಮುಚ್ಚಳ ಅಡ್ಡ ಹಿಡಿಯುತ್ತಿದ್ದೆ.

ಆ ಒಂಬತ್ತು ಮನೆಗಳಲ್ಲಿ ಒಂದರ ವಿಷಯ ಬೇರೆ. ಕೊನೆಯ ಹಳ್ಳಿಯ ಕೊನೆಯ ಬೀದಿಯಲ್ಲಿ, ಗೋಡೆಗೆ ಬುದ್ಧನ ಪಟ ಹಾಕಿದ ಮನೆಯಲ್ಲಿ, ರಿಟೈರಾದ ಟೀಚರಮ್ಮ ಒಬ್ಬರಿದ್ದಾರೆ. ನಾನು ಊರೊಳಗಿನ ಗೌಡರ ಮನೆಯಲ್ಲಿ ಹುಟ್ಟಿದವಳು. ನಮ್ಮವರು ಆ ಬೀದಿಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಾಫಿ ಕುಡಿದಿದ್ದೆ. ಸುದ್ದಿ ಮನೆಗೆ ಮುಟ್ಟಿ, ನಮ್ಮವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಅಂದಿನಿಂದ ಆ ಹೊಸ್ತಿಲು ನನ್ನ ಜಾಗವಾಗಿತ್ತು. ಗಂಡ ಬಿಟ್ಟುಹೋದಾಗ ನಾನು ಅತ್ತದ್ದೂ ಅಲ್ಲೇ ಕೂತು.

ಅವರಿಗೂ ನಾನು ಅದೇ ಸುಳ್ಳನ್ನೇ ಹೇಳಿದೆ. ಒಮ್ಮೆಯಲ್ಲ, ಒಂದು ತಿಂಗಳು. ಅವರು ಒತ್ತಾಯ ಮಾಡಲಿಲ್ಲ. ಒಂದು ದಿನ ಗೇಟಿನ ಹತ್ತಿರವೇ ಬಂದು ಕಾಗದ ಇಸಿದುಕೊಂಡರು. ಮುಂದಿನ ವಾರವೂ ಗೇಟಿನಲ್ಲೇ. ನನಗೆ ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವಷ್ಟು ನಾನು ಯೋಚಿಸಲಿಲ್ಲ. ನನ್ನದೇ ನನಗೆ ದೊಡ್ಡದಾಗಿತ್ತು.

ಆ ದಿನಗಳಲ್ಲಿ ನಾನು ಪಥ್ಯ ಬಿಟ್ಟೆ. ಯಾರಿಗೋಸ್ಕರ ಇದೆಲ್ಲ ಅನ್ನಿಸಿತು. ಒಂದು ಭಾನುವಾರ ಬಸ್ಸು ಹತ್ತಿ ಭಾರತೀನಗರಕ್ಕೆ ಹೋಗಿ, ಬೇಕರಿಯ ಮುಂದೆ ನಿಂತುಕೊಂಡೇ ಮೂರು ಮೈಸೂರು ಪಾಕು ತಿಂದೆ. ಸುತ್ತ ಕಾಲೇಜು ಮಕ್ಕಳು ಒಂದು ಪಫ್ಸನ್ನು ನಾಲ್ಕು ಜನ ಕಿತ್ತುಕೊಂಡು ತಿನ್ನುತ್ತಿದ್ದರು. ಮಾತ್ರೆಗಳು ತಿಂಗಳಿಡೀ ಕಪಾಟಿನಲ್ಲೇ ಉಳಿದವು. ಅಕ್ಷರ ಮತ್ತೆ ಕಲಸಿಕೊಂಡಿತು, ಪಾದ ಜುಮುಜುಮು ಅನ್ನತೊಡಗಿತು.

ಹಾಗಿದ್ದಾಗಲೇ ಒಂದು ದಿನ ಟೀಚರಮ್ಮನ ಗೇಟಿನಲ್ಲಿ ನಿಂತು, ಕೈಯಲ್ಲಿದ್ದ ಲಕೋಟೆ ಅವರದೋ ಪಕ್ಕದ ಮನೆಯದೋ ತಿಳಿಯದೆ ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡುತ್ತಿದ್ದೆ.

"ಏನಾಗದೆ ಕಣ್ಗೆ?" ಅಂದರು.

"ಏನಿಲ್ಲ ಟೀಚರಮ್ಮ."

"ಏನಿಲ್ಲ, ಈಗ್ ತಾನೇ ಕುಡ್ದೆ. ಈಗೀಗ ನೀನು ಎರಡೇ ಮಾತು ಕಲ್ತಿದ್ದೀಯ." ಆಮೇಲೆ ಅಂದರು, "ಈಗ್ ತಾನೇ ಕುಡ್ದೆ ಅನ್ನೋ ಮಾತು ನಮ್ ಬೀದೀಗೆ ಹೊಸದಲ್ಲ ಕಣಮ್ಮ, ಊರೊಳಗಿನೋರೆಲ್ಲ ಅದ್ನೇ ಹೇಳೋದು. ನಿನ್ ಬಾಯಲ್ಲಿ ಬತ್ತದೆ ಅಂದ್ಕಂಡಿರ್ಲಿಲ್ಲ."

ಚೀಲದ ತಳದಲ್ಲಿದ್ದ ಆಸ್ಪತ್ರೆ ಚೀಟಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಇಷ್ಟೇನಾ?" ಅಂದರು. "ಇದನ್ನ ಮುಚ್ಚಿಡೋಕೆ ನನ್ನನ್ನ ಹಿಂಗೆ ನೋಯಿಸ್ದೆಯಾ?"

ನಾನು ತಪ್ಪಾಯಿತು ಅಂದೆ. ಅವರು ಒಳಗೆ ಹೋಗಿ, ಸಕ್ಕರೆ ಹಾಕದ ಕಾಫಿ ತಂದು ಜಗುಲಿಯ ಮೇಲಿಟ್ಟರು. ಕಹಿಯಾಗಿತ್ತು. ಪೂರ್ತಿ ಕುಡಿದೆ. ಅಷ್ಟು ಸುಲಭವಾಗಿತ್ತು ಅದು. ಸಕ್ಕರೆ ಬೇಡ ಎಂಬ ಎರಡು ಮಾತು ಮೊದಲೇ ಹೇಳಿದ್ದರೆ ಸಾಕಾಗಿತ್ತು.

ಮರುದಿನದಿಂದ ಉಳಿದ ಮನೆಗಳಲ್ಲೂ ಹೇಳಿದೆ. ನಿರೀಕ್ಷಿಸಿದ್ದಂತೆ "ಪಾಪ, ಒಬ್ಳೇ ಬೇರೆ" ಅಂದರು. ಕೇಳಿಸಿಕೊಂಡೆ. ಒಬ್ಬರು ಮಜ್ಜಿಗೆ ಕೊಟ್ಟರು, ಒಬ್ಬರು ಹಿತ್ತಲಿನ ದಂಟಿನ ಸೊಪ್ಪು ಕಿತ್ತುಕೊಟ್ಟರು, ಕೆಲವರು ಏನೂ ಕೊಡಲಿಲ್ಲ. ಮೊದಲಿನ ಹರಟೆ ಪೂರ್ತಿ ವಾಪಸು ಬರಲಿಲ್ಲ. ನಾನಿಲ್ಲದೆ ಅವರಿಗೆ ರೂಢಿಯಾಗಿಬಿಟ್ಟಿತ್ತು.

ಮಾತ್ರೆ ಮತ್ತೆ ಶುರುಮಾಡಿದೆ. ಸಂಜೆ ನಾಲೆ ಏರಿಯ ಮೇಲೆ ನಡೆದೆ. ಬಾಡೂಟಗಳಲ್ಲಿ ಎರಡು ತುಂಡು, ಚೂರು ಮುದ್ದೆಗೆ ಎದ್ದುಬಿಡುವುದನ್ನು ಕಲಿತೆ. ಎದ್ದವಳನ್ನು ಪಂಕ್ತಿ ಬೇಗ ಮರೆಯುತ್ತದೆ, ಅದನ್ನೂ ಕಲಿತೆ.

ಮೂರು ತಿಂಗಳಿಗೆ ಮದ್ದೂರಿನಲ್ಲಿ ಮತ್ತೆ ರಕ್ತ ಕೊಟ್ಟೆ. ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಈ ಸಲ ನಕ್ಕರು. ಚೀಟಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನು ತೆಗೆದೆ. ಒಂದೊಂದೇ ಹೆಸರು ಮೇಲಕ್ಕೆ ಸರಿಸುತ್ತಾ ಹೋದೆ. ಇದನ್ನು ಕೇಳಿ ಖುಷಿಪಡುವಂಥ ಹೆಸರು ಸಿಗದೆ ಫೋನನ್ನು ಒಳಗಿಟ್ಟೆ.

ಮಾರನೆಯ ದಿನ ಟೀಚರಮ್ಮನಿಗೆ ತೋರಿಸಿದೆ. ಸಾಲು ಸಾಲು ಬೆರಳಿಟ್ಟು ಓದಿದರು.

"ಪಾಸು. ಮುಂದಿನ್ ಪರೀಕ್ಷೆ ಯಾವಾಗ?"

"ಇನ್ ಮೂರು ತಿಂಗ್ಳಿಗೆ."

"ಅದ್ನೂ ತಕಂಬಾ. ನಾನ್ ನೋಡ್ಬೇಕು."

ಕಾಫಿ ಜಗುಲಿಗೇ ಬಂತು. ಅಡುಗೆಮನೆಗೆ ಬಾ ಎಂದು ಅವರು ಇವತ್ತಿಗೂ ಕರೆದಿಲ್ಲ, ನಾನೂ ಕೇಳಿಲ್ಲ. ಆದರೆ ಬೆಳಿಗ್ಗೆ ಒಬ್ಬಳೇ ಒಲೆಯ ಮುಂದೆ ನಿಂತು, ಯಾಕೆ ಬೇಕು ಇದೆಲ್ಲ ಅನ್ನಿಸಿದಾಗ, ಒಬ್ಬರು ಆ ಚೀಟಿ ಓದುತ್ತಾರೆ ಅಂತ ನೆನೆಸಿಕೊಂಡು ಸೊಪ್ಪು ಬಿಡಿಸಲು ಕೂರುತ್ತೇನೆ.